ಪಗ್ಗುವಿನಿಂದ ಸುಗ್ಗಿಯವರೆಗೆ

ವರ್ಷವು ಯಾವಾಗ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಕಾಸರಗೋಡಿನ ಕನ್ನಡ ಶಾಲೆಯ ಉಪಾಧ್ಯಾಯರು ಬಲ್ಲಷ್ಟು ಉತ್ತರಗಳನ್ನು ಬೇರೆ ಯಾರೂ ಬಲ್ಲರೆಂದು ನಮಗೆ ತೋರುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ಜನವರಿಯಲ್ಲಿ ಎನ್ನುತ್ತದೆ. ಹಾಜರಿ ಪುಸ್ತಕವು ಜೂನ್ ತಿಂಗಳಲ್ಲಿ ಎನ್ನುತ್ತದೆ. ನಮಗೆ ಸಂಬಳ ಕೊಡುವ ಖಜಾನೆಗೆ ಅದು ಏಪ್ರಿಲಿನಲ್ಲಿ. ಪಾಠದ ಪದ್ಯಗಳಲ್ಲಿ ವರ್ಷವು ಕೋಗಿಲೆಯೊಡನೆ ಚೈತ್ರದಲ್ಲಿ ಬರುತ್ತದೆ. ಕ್ರಿ. ಶ. 825ರಿಂದ ಎಣಿಕೆಯಾಗುತ್ತ ಬಂದ ಕೊಲ್ಲವರ್ಷಕ್ಕೆ ಅದು ಚಿಂಙದಲ್ಲಿ ಬರುತ್ತದೆ. ಈ ಐದೂ ವರ್ಷಗಳ ನಡುವೆ, ಮಕ್ಕಳ ಮನೆಯ ಅಡಿಗೆ ಕೋಣೆಯಲ್ಲಿ, ದನದ ಕೊಟ್ಟಿಗೆಯಲ್ಲಿ, ಅಜ್ಜಿಯಂದಿರ ಬಾಯಲ್ಲಿ ಆರನೆಯದೊಂದು ವರ್ಷವು ಸದ್ದಿಲ್ಲದೆ ನಡೆಯುತ್ತಿರುತ್ತದೆ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ, ನಿರ್ನಾಲ, ಬೊಂತೆಲ್, ಜಾರ್ದೆ, ಪೆರಾರ್ದೆ, ಪುಯಿಂತೆಲ್, ಮಾಯಿ, ಸುಗ್ಗಿ: ಇವು ಅದರ ತಿಂಗಳುಗಳು. ಸೂರ್ಯನ ಸಂಕ್ರಮಣವನ್ನು ಹಿಡಿದು ನಡೆಯುವ ಈ ತುಳು ವರ್ಷಕ್ಕೆ ನಮ್ಮ ಶಾಲೆಯಲ್ಲಿ ಒಂದು ನೋಟ್‌ಪುಸ್ತಕವನ್ನು ತೆರೆಯಬೇಕೆಂದು ನಮಗೆ ತೋರಿತು.

ಆಲೋಚನೆ ಸರಳವಾದುದು. ತಿಂಗಳಿಗೆ ಎರಡು ಪುಟ. ಆಯಾ ತಿಂಗಳಲ್ಲಿ ಮನೆಯಲ್ಲಿ ಏನು ಮಾಡುವರು, ಏನು ಉಣ್ಣುವರು, ಏನು ಮಾಡಬಾರದು ಎಂಬುದನ್ನು ಮಕ್ಕಳು ಹಿರಿಯರಿಂದ ಕೇಳಿ ತರಬೇಕು. ಮನೆಯಲ್ಲಿ ಯಾವ ಮಾತಿನಲ್ಲಿ ಹೇಳಿದರೋ ಆ ಶಬ್ದವನ್ನು ಹಾಗೆಯೇ ಇಟ್ಟುಕೊಂಡು ಉಳಿದುದನ್ನು ಕನ್ನಡದಲ್ಲಿ ಬರೆಯಬೇಕು. ಸಪ್ತಭಾಷಾ ಸಂಗಮಭೂಮಿ ಎಂಬ ಬಿರುದು ಈ ಸೀಮೆಗೆ ಸುಮ್ಮನೆ ಬಂದುದಲ್ಲ. ನಮ್ಮ ಒಂದು ತರಗತಿಯಲ್ಲಿಯೇ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲೆಯಾಳ, ಬ್ಯಾರಿ ಮಾತುಗಳ ಮನೆಯ ಮಕ್ಕಳಿದ್ದಾರೆ. ಕನ್ನಡ ಇವರೆಲ್ಲರೂ ಕುಳಿತುಕೊಳ್ಳುವ ಚಾಪೆ. ಆ ಚಾಪೆಯ ಮೇಲೆ ಮನೆಯ ಮಾತುಗಳಿಗೂ ಎಡೆಯಿರಬೇಕೆಂಬುದು ನಮ್ಮ ಆಸೆಯಾಗಿತ್ತು.

ಇಲ್ಲಿ ಒಂದು ಶಬ್ದದ ವಿಚಾರ. ಇಂತಹ ಆಚರಣೆಗಳನ್ನು ಪಶ್ಚಿಮದವರು ‘ಪೇಗನ್’ ಎಂದು ಕರೆದರು. ಲ್ಯಾಟಿನಿನ ಪಾಗಾನುಸ್ ಎಂಬುದು ಅದರ ಮೂಲ. ಅದಕ್ಕೆ ಹಳ್ಳಿಗಾಡಿನವನು ಎಂದರ್ಥ. ಪಟ್ಟಣಗಳು ಹೊಸ ಮತವನ್ನು ಸ್ವೀಕರಿಸಿದ ಮೇಲೆಯೂ ಹೊಲ ಗದ್ದೆಗಳ ಹಳೆಯ ದೈವಗಳನ್ನು ಬಿಡದವರಿಗೆ ಆ ಹೆಸರು ಬಂದಿರಬೇಕೆಂಬ ವಿವರಣೆಯೂ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರ ಕಣ್ಣಿಗೆ ತುಳುನಾಡಿನವರೂ ಹಾಗೆಯೇ ತೋರಿದರು. ಬರ್ನೆಲ್ ಎಂಬ ವಿದ್ವಾಂಸನು ಸಂಗ್ರಹಿಸಿದ ಭೂತಾರಾಧನೆಯ ಸಾಮಗ್ರಿಯು 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾದಾಗ ತಲೆಬರಹದಲ್ಲಿಯೇ ಅದು ತುಳುವರ ಪಿಶಾಚಪೂಜೆಯಾಗಿಬಿಟ್ಟಿತು. ಆದರೆ ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ಅದೇ ಮಿಶನಿನ ಮೆನ್ನರ್ 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿಸದಿದ್ದರೆ ನಮ್ಮ ನೋಟ್‌ಪುಸ್ತಕದ ಎಷ್ಟೋ ಶಬ್ದಗಳಿಗೆ ಅರ್ಥ ಹುಡುಕಲು ನಾವು ಊರೆಲ್ಲ ಅಲೆಯಬೇಕಾಗುತ್ತಿತ್ತು. ಇನ್ನು ಇಂಗ್ಲೆಂಡಿನಲ್ಲಿ 1950ರ ದಶಕದಿಂದೀಚೆಗೆ ಕೆಲವರು ತಾವೇ ಆ ಹೆಸರನ್ನು ಅಭಿಮಾನದಿಂದ ಧರಿಸಿ, ಎರಡು ಅಯನ, ಎರಡು ವಿಷುವ, ಅವುಗಳ ನಡುವಣ ನಾಲ್ಕು ದಿನಗಳು ಹೀಗೆ ಎಂಟು ಋತುಹಬ್ಬಗಳ ಒಂದು ಚಕ್ರವನ್ನು ಕಟ್ಟಿಕೊಂಡಿದ್ದಾರೆ. ಅವರು ಎಷ್ಟೋ ಸಂಗತಿಗಳನ್ನು ಹಳೆಯ ಗ್ರಂಥಗಳಿಂದ ಹೆಕ್ಕಬೇಕಾಯಿತು. ನಮ್ಮ ಮಕ್ಕಳು ಜಗಲಿಗೆ ಹೋಗಿ ಕೇಳಿದರೆ ಸಾಕಿತ್ತು.

ಪಗ್ಗು ತಿಂಗಳ ಮೊದಲ ದಿನವಾದ ಬಿಸುವಿನ ವಿಷಯವನ್ನು ನಾವು ಹೆಚ್ಚು ಬರೆಯಬೇಕಾದುದಿಲ್ಲ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹಲಸು, ಚಿನ್ನ, ಕನ್ನಡಿಗಳ ಕಣಿಯಿಟ್ಟು, ಎದ್ದೊಡನೆ ಅದನ್ನು ನೋಡುವುದನ್ನು ಇಲ್ಲಿ ತುಳುವರೂ ಬಲ್ಲರು, ಮಲೆಯಾಳಿಗಳೂ ಬಲ್ಲರು. ಹಿಂದೆ ಆ ದಿನ ಒಕ್ಕಲುಗಳು ತಮ್ಮ ಹಿತ್ತಲಿನ ತರಕಾರಿಯನ್ನು ಹೊತ್ತು ಧಣಿಯ ಮನೆಗೆ ಬಿಸುಕಾಣಿಕೆಯೊಪ್ಪಿಸಲು ಹೋಗುತ್ತಿದ್ದರು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದ ಮೇಲೆ ಆ ಕಾಣಿಕೆಗೆ ಅರ್ಥವುಳಿಯಲಿಲ್ಲ. ಹಬ್ಬದ ಈ ಅಂಗವು ಅಳಿದುದಕ್ಕಾಗಿ ಕಣ್ಣೀರಿಡುವವರನ್ನು ನಾವು ಕಂಡಿಲ್ಲ. ಕಂಡರೆ ಅವರು ಧಣಿಗಳ ಮನೆಯವರೇ ಆಗಿರಬೇಕು.

ಬೇಶದ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಕೋಲ ನೇಮಗಳು ಮುಗಿದು ದೈವದ ಭಂಡಾರಗಳು ಒಳಸೇರುವುವು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವರು. ಇನ್ನು ಮಳೆಗಾಲ, ಮನುಷ್ಯನಿಗೆ ಗದ್ದೆಯಲ್ಲದೆ ಬೇರೆ ರಂಗಸ್ಥಳವಿಲ್ಲ. ಈ ದಿನ ಸಾಮಾನ್ಯವಾಗಿ ಮೇ 24ರ ಸುಮಾರಿಗೆ ಬೀಳುತ್ತದೆ. ಕಾಸರಗೋಡು ಜಿಲ್ಲೆಯು ಉದಯವಾದುದು 1984ರ ಮೇ 24ರಂದು ಎಂಬುದನ್ನು ನಮ್ಮ ಸಮಾಜ ವಿಜ್ಞಾನದ ಉಪಾಧ್ಯಾಯರು ನೆನಪಿಸಿ, ಎಲ್ಲರೂ ಗೆಜ್ಜೆ ಬಿಚ್ಚುವ ದಿನ ನಾವು ಗೆಜ್ಜೆ ಕಟ್ಟಿದೆವೆಂದು ನಕ್ಕರು. ಚಂದ್ರಗಿರಿಯ ದಕ್ಷಿಣಕ್ಕೆ ಹೋದರೆ ಲೆಕ್ಕದ ಇನ್ನೊಂದು ತುದಿ ಕಾಣುತ್ತದೆ: ತುಲಾ ಮಾಸದ ಹತ್ತರಂದು, ಅಲ್ಲಿಯವರು ಪತ್ತಾಮುದಯವೆನ್ನುವ ದಿನ, ತೆಯ್ಯಂಗಳ ಕಾಲ ತೆರೆಯುತ್ತದೆ. ಹೊಳೆಯ ಈ ದಡದವರು ಬಾಗಿಲು ಮುಚ್ಚುವುದಕ್ಕೂ ಆ ದಡದವರು ತೆರೆಯುವುದಕ್ಕೂ ಹತ್ತೆಂಬ ಸಂಖ್ಯೆಯನ್ನೇ ಆರಿಸಿಕೊಂಡಿದ್ದಾರೆ.

ಕಾರ್ತೆಲ್ ತಿಂಗಳ ಪುಟದಲ್ಲಿ ಮಳೆಯ ಹೊರತು ಏನಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಅದು ಸಹಜವೇ. ಏಣೆಲು ಬೆಳೆಯ ನಾಟಿಯ ಕಾಲವದು. ಹಬ್ಬ ಮಾಡಲು ಯಾರಿಗೂ ಬಿಡುವಿರಲಿಲ್ಲ.

ಆದರೆ ಆಟಿ ಬಂತೆಂದರೆ ನೋಟ್‌ಪುಸ್ತಕದ ಎರಡು ಪುಟಗಳು ಸಾಲದೆ ಹೋದುವು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳು ಹಿಂದಿನವರಿಗೆ ಹಸಿವಿನ ತಿಂಗಳು. ಕಣಜ ಬರಿದು, ಹೊಸ ಪೈರು ಇನ್ನೂ ಹಸುರು. ಹೊರಗೆ ಕೂಲಿಯಿಲ್ಲ, ಒಳಗೆ ಜ್ವರ. ಆದುದರಿಂದ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಹೊಸ ಮದುಮಗಳು ತವರಿಗೆ ಹೋಗಿ ಆಟಿ ಕುಳಿತುಕೊಳ್ಳುವಳು. ಮಕ್ಕಳು ಬರೆದು ತಂದ ಊಟದ ಪಟ್ಟಿಯನ್ನು ನೋಡಿದರೆ ಗದ್ದೆಯ ಹೊರಗಿನದೇ ಎಲ್ಲವೂ: ಬೇಲಿಯ ಬದಿಯ ತಗತೆ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಬಿದಿರಿನ ಕಣಿಲೆ, ಬೇಸಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಗಿಸಿಟ್ಟ ಹಲಸಿನ ಬೀಜ. ಈಗ ಇವನ್ನೇ ‘ಆಟಿಡೊಂಜಿ ದಿನ’ವೆಂದು ಸಭಾಂಗಣಗಳಲ್ಲಿ ಬಡಿಸಿ, ಬಾಳೆಯೆಲೆಯ ತುಂಬ ಇಪ್ಪತ್ತು ಬಗೆ ಪದಾರ್ಥಗಳ ಭೋಜನ ಮಾಡುವರು. ಹಸಿವಿನ ಅಡಿಗೆಯನ್ನು ಹೊಟ್ಟೆ ಬಿರಿಯ ಉಣ್ಣುವುದು ವಿಚಿತ್ರವೇ ಸರಿ. ಆದರೂ ತಗತೆ ಸೊಪ್ಪಿನ ಗುರುತು ಒಂದಿಷ್ಟು ಮಂದಿಗಾದರೂ ಉಳಿಯುವುದಾದರೆ ಉಣ್ಣಲಿ ಎಂದು ನಾವು ಸುಮ್ಮನಿದ್ದೇವೆ.

ಆಟಿಯ ಅಮಾವಾಸ್ಯೆಯಂದು ಹಾಲೆಮರದ ಕಷಾಯ ಕುಡಿಯುವ ವಾಡಿಕೆಯನ್ನು ಇಲ್ಲಿನ ಓದುಗರಿಗೆ ಹೇಳಬೇಕಾದುದಿಲ್ಲ. ಸೂರ್ಯ ಮೂಡುವ ಮೊದಲು ಹೋಗಿ, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಅರೆದು ಹಿಂಡಿದ ರಸಕ್ಕೆ ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ, ಬಿಳಿಯ ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ ಅದರಲ್ಲಿ ಹಾಕಬೇಕು. ಕಹಿಯನ್ನು ಕಣ್ಣುಮುಚ್ಚಿ ನುಂಗಿ, ಅನಂತರ ಮೆಂತೆಯ ಗಂಜಿ ಉಣ್ಣಬೇಕು. ಎಲ್ಲವೂ ಚೆನ್ನ. ಕತ್ತಲೆಯಲ್ಲಿ ಹೋಗುವುದೊಂದೇ ನಮ್ಮನ್ನು ಚಿಂತೆಗೀಡುಮಾಡಿತು. ಹಿಂದಿನವನು ಹುಟ್ಟಿದಂದಿನಿಂದ ಆ ಮರದ ಬುಡದಲ್ಲಿ ಆಡಿದವನು. ಕೈಯಿಂದ ತಡವಿದರೂ ಅವನಿಗೆ ಗುರುತು ಸಿಕ್ಕುತ್ತಿತ್ತು. ಈಗಿನವನು ವರ್ಷಕ್ಕೊಮ್ಮೆ ಕಾಡಿಗೆ ಹೋಗುವವನು. ಹಾಲೆಯ ಬದಲು ಕಾಸರಕದ ತೊಗಟೆಯನ್ನು ಕೆತ್ತಿ ತಂದರೆ ಕುಡಿದವರ ಗತಿಯೇನು? ಅದರ ತೊಗಟೆಯಲ್ಲಿಯೂ ಬೀಜದಲ್ಲಿಯೂ ಇರುವುದು ಸ್ಟ್ರಿಕ್‌ನಿನ್ ಎಂಬ ಘೋರ ವಿಷ. ನಮ್ಮ ಊರಿನ ಹೆಸರೇ ಆ ಮರದಿಂದ ಬಂದುದೆಂದು ಕೆಲವರು ಹೇಳುವರು. ಕಾಸಾರ ಎಂಬ ಸಂಸ್ಕೃತ ಶಬ್ದವನ್ನು ಹಿಡಿದು ಕೆರೆಗಳ ಊರೆಂದು ಇನ್ನು ಕೆಲವರು. ಮೊದಲನೆಯವರು ಹೇಳುವುದು ನಿಜವಾದರೆ ಎಚ್ಚರಿಕೆ ಇನ್ನಷ್ಟು ಅವಶ್ಯ.

ಆದುದರಿಂದ ಅಮಾವಾಸ್ಯೆಗೆ ಒಂದು ವಾರ ಮುಂಚೆ, ಹಗಲು ಹೊತ್ತಿನಲ್ಲಿ, ವಿಜ್ಞಾನದ ಉಪಾಧ್ಯಾಯರು ಮಕ್ಕಳನ್ನು ಗುಡ್ಡದ ತಪ್ಪಲಿಗೆ ಕರೆದೊಯ್ದರು. ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ನಾಲ್ಕರಿಂದ ಎಂಟರವರೆಗೆ ಚಕ್ರಾಕಾರವಾಗಿ ನಿಲ್ಲುವುವು. ಸಂಸ್ಕೃತದಲ್ಲಿ ಸಪ್ತಪರ್ಣಿ ಎಂದುದು ಅದಕ್ಕೇ. ಗೀರಿದರೆ ಬಿಳಿಯ ಹಾಲು ಸುರಿಯುವುದು. ಕಾಸರಕದಲ್ಲಿ ಎಲೆಗಳು ಎರಡೆರಡಾಗಿ ಎದುರುಬದುರು, ಪ್ರತಿಯೊಂದರ ಬುಡದಿಂದ ಮೂರೋ ಐದೋ ನರಗಳು ಒಟ್ಟಿಗೆ ಹೊರಟು ತುದಿಯ ಕಡೆಗೆ ಹೋಗುವುವು, ಹಾಲಿಲ್ಲ. ಗುರುತಿಸಿದ ಹಾಲೆಮರಗಳಿಗೆ ಮಕ್ಕಳು ಬಿಳಿಯ ದಾರ ಕಟ್ಟಿ ಬಂದರು. ಕಬ್ಬಿಣ ಮುಟ್ಟಿಸಬಾರದೆಂಬ ನಿಯಮ ಮುರಿಯಲಿಲ್ಲ. ಕತ್ತಲೆಯ ನಿಯಮಕ್ಕೂ ಭಂಗ ಬರಲಿಲ್ಲ. ಆ ಮರದ ಸಸ್ಯಶಾಸ್ತ್ರೀಯ ನಾಮವು ಆಲ್‌ಸ್ಟೋನಿಯಾ ಸ್ಕೊಲಾರಿಸ್. ಅದರ ಹಲಗೆಯಿಂದ ಶಾಲೆಯ ಮಕ್ಕಳು ಬರೆಯುವ ಫಲಕಗಳನ್ನು ಮಾಡುತ್ತಿದ್ದುದರಿಂದ ಶಾಲೆಯ ಮರವೆಂಬ ಈ ಹೆಸರು. ಇದನ್ನು ಕೇಳಿ ನಮಗಾದ ಸಂತೋಷವು ಮಕ್ಕಳಿಗಾಗಲಿಲ್ಲ. ಅವರ ಗಮನವೆಲ್ಲ ಮೆಂತೆಯ ಗಂಜಿಗೆ ಬೆಲ್ಲ ಹಾಕುವರೇ ಎಂಬುದರಲ್ಲಿತ್ತು.

ಆಟಿಯ ಮಾತೆತ್ತಿದ ಮೇಲೆ ಕಳೆಂಜನ ಮಾತು ಬಾರದೆ ಇರುವುದಿಲ್ಲ. ತೆಂಗಿನ ಎಳೆಯ ಗರಿಗಳ ಉಡುಗೆ, ಕಾಲಿಗೆ ಗಗ್ಗರ, ಕೈಯಲ್ಲಿ ತಾಳೆಗರಿಯ ಕೊಡೆ. ಊರಿನ ಮಾರಿಯನ್ನು ಕಳೆಯಲು ಮನೆಯಿಂದ ಮನೆಗೆ ಬರುವವನು ಅವನು. ನಲಿಕೆ ಸಮುದಾಯದವರು ಈ ವೇಷವನ್ನು ಕಟ್ಟುತ್ತಿದ್ದರು. ಮಲೆಯಾಳದ ಕಡೆಯಲ್ಲಿ ಇದೇ ಕರ್ಕಟಕ ಮಾಸದಲ್ಲಿ ಆಡಿ, ವೇಡನ್, ಗಳಿಂಜನ್ ಎಂಬ ಪುಟ್ಟ ತೆಯ್ಯಂಗಳು ಮನೆಮನೆಗೆ ಬರುವುವು. ಗಳಿಂಜನೂ ಕಳೆಂಜನೂ ಒಂದೇ ಎಂಬುದನ್ನು ಕಿವಿಯೇ ಹೇಳುತ್ತದೆ. ನಮ್ಮ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ಅಜ್ಜ ಹಿಂದೆ ಕಳೆಂಜನಾಗಿ ಕುಣಿದವರು. ಆ ಪುಟವನ್ನು ಅವನಿಂದಲೇ ಬರೆಯಿಸೋಣವೆಂದುಕೊಂಡೆವು. ಮೂರು ದಿನ ಕಳೆದು ಅವನು ತಂದುದು ನಾಲ್ಕೇ ಸಾಲು. ಮನೆಯವರು ಅಕ್ಕಿ, ಉಪ್ಪು, ಮೆಣಸು, ಹುಳಿ, ಅರಸಿನ, ಇದ್ದಲು ಕೊಡುತ್ತಿದ್ದರು. ಅಂಗಳದಿಂದ ಮೇಲೆ ಕರೆಯುತ್ತಿರಲಿಲ್ಲ. ಮಳೆಯಲ್ಲಿ ನಡೆದು ಅಜ್ಜನ ಕಾಲು ಬಾತುಹೋಗುತ್ತಿತ್ತು. ಅಪ್ಪ ಹೋಗುವುದಿಲ್ಲ.

ನಾವು ಅದನ್ನು ತಿದ್ದಲಿಲ್ಲ. ಹೆಚ್ಚು ಬರೆಯೆಂದೂ ಹೇಳಲಿಲ್ಲ. ಶಾಲೆಯಲ್ಲಿ ಆಟಿಯ ದಿನವನ್ನು ಆಚರಿಸುವಾಗ ಯಾರಾದರೊಬ್ಬನಿಗೆ ಗರಿ ಉಡಿಸಿ ವೇದಿಕೆಯ ಮೇಲೆ ಕುಣಿಸಬೇಕೆಂದು ಸಲಹೆ ಬಂದಿತ್ತು. ಸ್ಪರ್ಧೆಗಳಲ್ಲಿ ಹಾಗೆ ಮಾಡುವುದುಂಟು. ಚೆನ್ನಾಗಿ ಕುಣಿದವರಿಗೆ ಬಹುಮಾನವೂ ಉಂಟು. ಆ ನಾಲ್ಕು ಸಾಲುಗಳನ್ನು ಓದಿದ ಮೇಲೆ ನಮಗೆ ಮನಸ್ಸು ಬರಲಿಲ್ಲ. ಕಳೆಂಜನಿಲ್ಲದ ಆಟಿಯು ಅಪೂರ್ಣವೆಂದು ರಕ್ಷಕರಲ್ಲಿ ಕೆಲವರು ಆಕ್ಷೇಪಿಸಿದರು. ಮಾರಿ ಕಳೆಯುವುದು ಊರಿಗೆಲ್ಲ ಬೇಕಾದ ಕೆಲಸವಾಗಿದ್ದರೆ ಅದರ ಭಾರವೂ ಊರಿಗೆಲ್ಲ ಸೇರಿದ್ದಾಗಿರಬೇಕಿತ್ತು ಎಂದಷ್ಟೇ ನಾವು ಉತ್ತರಿಸಿದೆವು. ನೋಟ್‌ಪುಸ್ತಕದಲ್ಲಿ ನಾಲ್ಕು ಸಾಲುಗಳು ಹಾಗೆಯೇ ಇವೆ.

ಸೋಣ ತಿಂಗಳಲ್ಲಿ ಓಣಂ ಬರುತ್ತದೆ. ಕೇರಳದ ಎಲ್ಲ ಶಾಲೆಗಳಂತೆ ನಮ್ಮ ಶಾಲೆಗೂ ಅಂದು ದೀರ್ಘವಾದ ರಜೆ. ಮಹಾಬಲಿಯು ತನ್ನ ಪ್ರಜೆಗಳನ್ನು ನೋಡಲು ಬರುವ ದಿನವೆಂದು ಮಲೆಯಾಳಿ ಮಕ್ಕಳು ಹೂವಿನ ರಂಗವಲ್ಲಿಯಿಡುವರು. ತುಳುವರ ಮನೆಗೆ ಅದೇ ಬಲಿ ಬರುವುದು ದೀಪಾವಳಿಗೆ. ನಮ್ಮ ಮಕ್ಕಳ ಪಾಲಿಗೆ ಒಬ್ಬನೇ ಚಕ್ರವರ್ತಿ ವರ್ಷಕ್ಕೆ ಎರಡು ಬಾರಿ ಪಾತಾಳದಿಂದ ಬರುವನು. ಒಮ್ಮೆ ಬಂದರೆ ರಜೆ ಹೆಚ್ಚು, ಇನ್ನೊಮ್ಮೆ ಬಂದರೆ ಕಡಿಮೆ. ಇದರ ಕಾರಣವನ್ನು ಐದನೆಯ ತರಗತಿಯವರು ಕೇಳಿದಾಗ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ಪಾಠವನ್ನು ಅಲ್ಲಿಯೇ ಮುಗಿಸಿದ ಹಾಗಾಯಿತು.

ನಿರ್ನಾಲದಲ್ಲಿ ಕುರಲ್ ಪರ್ಬ, ಎಂದರೆ ತೆನೆ ಕಟ್ಟುವುದು. ಏಣೆಲಿನ ಗದ್ದೆಯಿಂದ ಮೊದಲ ತೆನೆಗಳನ್ನು ಕೊಯ್ದು ತಂದು, ಮಾವು ಹಲಸುಗಳ ಎಲೆಯಲ್ಲಿ ಸುತ್ತಿ, ನಾರಿನಿಂದ ಬಿಗಿದು, ಪೊಲಿ ಪೊಲಿ ಎನ್ನುತ್ತ ಮನೆಯ ಕಂಬಕ್ಕೆ, ಕಣಜಕ್ಕೆ, ನೇಗಿಲಿಗೆ, ಬಾವಿಯ ಕಟ್ಟೆಗೆ, ತೆಂಗಿನ ಮರಕ್ಕೆ ಕಟ್ಟುವರು. ಪೊಲಿಯೆಂದರೆ ಹೆಚ್ಚಳ, ಸಮೃದ್ಧಿ. ಅನಂತರ ಒಂದು ದಿನ ಪುದ್ವಾರ್: ಹೊಸ ಅಕ್ಕಿಯ ಊಟ. ಎಲೆಯ ಮುಂದೆ ಕುಳಿತ ಕಿರಿಯರು ಹೊಸತನ್ನು ಉಣ್ಣುತ್ತೇವೆಂದು ಹಿರಿಯರಿಗೆ ಹೇಳಿ, ಒಪ್ಪಿಗೆ ಪಡೆದು, ತುತ್ತೆತ್ತುವರು. ನಮ್ಮ ತರಗತಿಯ ಕೊಂಕಣಿ ಕ್ರೈಸ್ತರ ಮಕ್ಕಳು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಮಂತ್ರಿಸಿದ ತೆನೆಯನ್ನು ಮನೆಗೊಯ್ದು, ಅದರ ಅಕ್ಕಿಯನ್ನು ಹಾಲಿನಲ್ಲಿ ಸೇರಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಸವಿಯುವರು. ನಾವು ಕೇಳದೆಯೇ ಅವರು ಅದನ್ನು ಬರೆದು ತಂದು ಅದೇ ಪುಟಕ್ಕೆ ಅಂಟಿಸಿದರು. ಬತ್ತಕ್ಕೆ ಮತಭೇದವಿಲ್ಲವೆಂಬುದು ಬೆಳೆದವರಿಗೆ ಗೊತ್ತಿದ್ದುದೇ.

ಕಷ್ಟ ಬಂದುದು ಬೇರೆ ಕಡೆಯಿಂದ. ‘ನಿಮ್ಮ ಮನೆಯಲ್ಲಿ ತೆನೆಯನ್ನು ಯಾವ ಗದ್ದೆಯಿಂದ ತರುವರು?’ ಎಂಬುದು ನಮ್ಮ ಪ್ರಶ್ನೆಗಳಲ್ಲೊಂದಾಗಿತ್ತು. ಮೂವತ್ತೊಂದು ಮಕ್ಕಳಲ್ಲಿ ನಾಲ್ವರು ಗದ್ದೆಯ ಹೆಸರು ಬರೆದರು. ಉಳಿದವರಲ್ಲಿ ಹಲವರು ದೇವಸ್ಥಾನದಲ್ಲಿ ಕೊಡುವರೆಂದರು. ಕೆಲವರು ಪೇಟೆಯಲ್ಲಿ ಮಾರುವರೆಂದರು. ಒಬ್ಬಳು, ‘ನಮ್ಮಲ್ಲಿ ಗದ್ದೆಯಿತ್ತಂತೆ, ಅದರಲ್ಲಿ ಈಗ ಅಡಿಕೆ’ ಎಂದು ಬರೆದಳು. ಬಯಲುಗಳು ಅಡಿಕೆ ತೋಟಗಳಾದುವು, ಗುಡ್ಡಗಳಿಗೆ ರಬ್ಬರು ಬಂತು. ಯಾರನ್ನು ದೂರೋಣ? ಕೂಲಿಯವರು ಸಿಕ್ಕುವುದಿಲ್ಲ, ಹಂದಿ ನವಿಲುಗಳ ಕಾಟ, ಬತ್ತಕ್ಕೆ ಬೆಲೆಯಿಲ್ಲ. ಗದ್ದೆಗಳನ್ನು ಮುಚ್ಚಬಾರದೆಂದು ಕೇರಳವು 2008ರಲ್ಲಿ ಕಾಯಿದೆಯನ್ನೇನೋ ಮಾಡಿತು. ಆದರೆ ಅಷ್ಟರಲ್ಲಿ ನಮ್ಮ ಬಯಲಿನ ಅಡಿಕೆ ಮರಗಳಿಗೆ ಮೂವತ್ತು ವರ್ಷ ತುಂಬಿತ್ತು.

ಗದ್ದೆಯಿಲ್ಲದವರು ತೆನೆ ಕಟ್ಟುವುದು ಸರಿಯೇ? ಈ ಪ್ರಶ್ನೆ ಉಪಾಧ್ಯಾಯರ ಕೋಣೆಯಲ್ಲಿ ಒಂದು ವಾರ ಚರ್ಚೆಗೆ ಬಂತು. ನಮ್ಮಲ್ಲಿ ಒಬ್ಬರು, ಬೆಳೆಯದವನ ಮನೆಯ ತೆನೆಯು ಗೋಡೆಗೆ ತೂಗುಹಾಕಿದ ಚಿತ್ರಕ್ಕೆ ಸಮಾನ, ಅದನ್ನು ಹಬ್ಬವೆನ್ನುವುದು ಆತ್ಮವಂಚನೆ ಎಂದರು. ಇನ್ನೊಬ್ಬರು, ಅನ್ನ ಉಣ್ಣುವವರೆಲ್ಲರೂ ತೆನೆಗೆ ಋಣಿಗಳಲ್ಲವೇ, ಬೆಳೆದವನಿಗೆ ಮಾತ್ರ ಹಬ್ಬವೆಂದರೆ ಕುಂಬಾರನೂ ಬಡಗಿಯೂ ಹಿಂದೆ ತೆನೆ ಕಟ್ಟಿದುದೇಕೆ ಎಂದರು. ಎರಡೂ ಮಾತು ಸರಿಯೆಂದೇ ನಮಗೆ ತೋರುತ್ತಿತ್ತು. ಚರ್ಚೆ ಮುಗಿಯುವ ಮೊದಲೇ ಮಕ್ಕಳು ತಮ್ಮ ಪಟ್ಟಿಗಳನ್ನು ತಂದರು. ಯಾವ ಯಾವುದಕ್ಕೆ ತೆನೆ ಕಟ್ಟಿದಿರಿ ಎಂಬುದಕ್ಕೆ ಬಂದ ಉತ್ತರಗಳು: ಕಂಬ, ದೇವರ ಕೋಣೆಯ ಬಾಗಿಲು, ಬಾವಿಯ ಪಂಪು, ಅಪ್ಪನ ರಿಕ್ಷಾ, ಅಕ್ಕನ ಹೊಲಿಗೆ ಯಂತ್ರ, ಗ್ರೈಂಡರು, ಅಡಿಕೆಯ ದೋಟಿ, ಅಕ್ಕಿಯ ಡಬ್ಬಿ. ನೇಗಿಲೆಂದು ಬರೆದವರು ಯಾರೂ ಇರಲಿಲ್ಲ. ನಾಲ್ವರ ಗದ್ದೆಗಳನ್ನೂ ಉಳುವುದು ಬಾಡಿಗೆಯ ಟಿಲ್ಲರು; ಅದು ಆ ದಿನ ಯಾರ ಮನೆಯಲ್ಲಿತ್ತೋ. ಆ ಪಟ್ಟಿಯನ್ನು ನಾವು ಎರಡು ಮೂರು ಸಲ ಓದಿದೆವು. ಅನ್ನ ಎಲ್ಲಿಂದ ಬರುತ್ತದೆಯೋ ಅದಕ್ಕೆ ಕಟ್ಟಿದ್ದರು. ಚಿತ್ರವೆಂದು ವಾದಿಸಿದವರು ಹೊಲಿಗೆ ಯಂತ್ರದ ಹೆಸರು ಬಂದಾಗ ಸುಮ್ಮನಾದರು.

ದೀಪಾವಳಿಯ ಬಲೀಂದ್ರನಿಗೆ ಮತ್ತೆ ಹಾಲೆಮರವೇ ಬೇಕು. ಅದರ ಕಂಬವನ್ನು ಅಂಗಳದಲ್ಲಿ ನೆಟ್ಟು, ಹೂವಿನಿಂದ ಅಲಂಕರಿಸಿ, ದೀಪವಿಟ್ಟು, ಕೂಗಿ ಕರೆಯುವರು. ಗದ್ದೆಗೂ ದೀಪವನ್ನೊಯ್ಯುವರು. ತನ್ನ ರಾಜ್ಯಕ್ಕೆ ಇನ್ನು ಯಾವಾಗ ಮರಳಲೆಂದು ಬಲಿಯು ಕೇಳಿದಾಗ ಎಂದೂ ಈಡೇರಲಾರದ ಷರತ್ತುಗಳನ್ನು ಮುಂದಿಟ್ಟು ಅವನನ್ನು ಕಳುಹಿಸಿದರೆಂದು ತುಳುವಿನ ಕಥೆ. ಚಂದ್ರಗಿರಿಯಾಚೆಯ ಮಲೆಯಾಳಿಗಳಲ್ಲಿಯೂ ಇದೇ ದಿನ ಹಾಲೆಯ ಕಂಬ ನೆಟ್ಟು ದೀಪ ಹಚ್ಚಿ ‘ಪೊಲಿಯಂದ್ರ’ನನ್ನು ಕರೆಯುವ ಕಡೆಗಳುಂಟು. ಓಣಂ ಇರುವಾಗಲೂ ಅವರು ಈ ಬಲಿಯನ್ನು ಬಿಟ್ಟಿಲ್ಲವೆಂಬುದು ನಮ್ಮ ಮಕ್ಕಳಿಗೆ ಬಹಳ ಹಿಡಿಸಿತು. ಆಟಿಯಲ್ಲಿ ದಾರ ಕಟ್ಟಿದ ಮರಗಳಲ್ಲಿ ಒಂದರ ಕೊಂಬೆಯನ್ನು ಅಂದು ಶಾಲೆಗೆ ತಂದಿದ್ದರು.

ಜಾರ್ದೆ, ಪೆರಾರ್ದೆಗಳು ಕೋಲ, ಜಾತ್ರೆ, ಮೇಳದ ಆಟಗಳಲ್ಲಿ ಕಳೆದುವು. ಅವನ್ನು ಬರೆಯಹೊರಟರೆ ಬೇರೊಂದು ಪ್ರಬಂಧವೇ ಆದೀತು.

ಪುಯಿಂತೆಲ್ ತಿಂಗಳ ಕೊನೆಗೆ, ಫೆಬ್ರವರಿ ಎರಡನೆಯ ವಾರದ ಸುಮಾರಿಗೆ, ಕೆಡ್ಡಸ. ಮೊದಲ ಕೆಡ್ಡಸ, ನಡು ಕೆಡ್ಡಸ, ಕಡೆ ಕೆಡ್ಡಸವೆಂದು ಮೂರು ದಿನ. ಭೂಮಿತಾಯಿಯು ಆ ಮೂರು ದಿನ ಮುಟ್ಟಾಗಿರುವಳು. ಉಳಬಾರದು, ಅಗೆಯಬಾರದು, ಹಸಿಯ ಗಿಡವನ್ನು ಕಡಿಯಬಾರದು. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಸೇರಿಸಿದ ನನ್ನೇರಿಯನ್ನು ಅವಳಿಗೆ ಬಡಿಸಿ ತಾವೂ ತಿನ್ನುವರು. ನುಗ್ಗೆ ಬದನೆಗಳ ಪದಾರ್ಥ ಮಾಡುವರು. ಕಡೆಯ ದಿನ ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸಿ, ಎಣ್ಣೆ, ಸೀಗೆ, ಅರಸಿನ, ಕುಂಕುಮಗಳನ್ನಿಟ್ಟು, ಎಣ್ಣೆಯನ್ನು ನೆಲಕ್ಕೆರೆದು ಅವಳನ್ನು ಮೀಯಿಸುವರು. ಅನಂತರವೇ ಅವಳು ಫಲಕ್ಕೆ ಸಿದ್ಧಳು. ಕೇರಳದ ಒಳನಾಡಿನಲ್ಲಿ ಮಕರ ಮಾಸದ ಕೊನೆಯ ಉಚ್ಚಾರಲ್, ಒಡಿಶಾದಲ್ಲಿ ಮಿಥುನ ಸಂಕ್ರಮಣದ ರಜ ಪರ್ವ, ಅಸ್ಸಾಮಿನಲ್ಲಿ ಕಾಮಾಖ್ಯೆಯ ಅಂಬುಬಾಚಿ ಇವೆಲ್ಲ ಇದರ ಒಡಹುಟ್ಟಿದವು. ಇಷ್ಟು ದೂರ ದೂರದ ಜನ ಮಣ್ಣನ್ನು ನೋಡಿ ಒಂದೇ ಮಾತನ್ನಾಡಿದುದು ನಮಗೆ ಇಂದಿಗೂ ಬೆರಗು.

ಇದನ್ನು ಮಕ್ಕಳೊಡನೆ ಮಾತನಾಡುವುದು ಹೇಗೆ? ಏಳನೆಯ ತರಗತಿಯ ಹುಡುಗರು ಕಿಸಕ್ಕನೆ ನಕ್ಕರು. ಹುಡುಗಿಯರು ತಲೆ ತಗ್ಗಿಸಿದರು. ಇಬ್ಬರು ಉಪಾಧ್ಯಾಯಿನಿಯರು ಆ ಪಾಠವನ್ನು ತಾವು ವಹಿಸಿಕೊಂಡು, ಹುಡುಗ ಹುಡುಗಿಯರನ್ನು ಬೇರೆ ಮಾಡದೆ, ಶರೀರದ ವಿಷಯವನ್ನು ವಿಜ್ಞಾನದ ಪುಸ್ತಕದಿಂದಲೂ ಭೂಮಿಯ ವಿಷಯವನ್ನು ಮಕ್ಕಳ ಬರಹದಿಂದಲೂ ಓದಿಸಿದರು. ನಗು ಎರಡನೆಯ ಪುಟಕ್ಕೆ ನಿಂತಿತು. ಅನಂತರ ಒಬ್ಬ ವಿದ್ಯಾರ್ಥಿನಿಯ ಅಜ್ಜಿಯನ್ನು ಶಾಲೆಗೆ ಕರೆದಿದ್ದೆವು. ಕೆಡ್ಡಸದ ಕ್ರಮವನ್ನೆಲ್ಲ ಹೇಳಿದ ಮೇಲೆ ಆಕೆ ತಾವಾಗಿಯೇ, ‘ಭೂಮಿಗೆ ಮೂರು ದಿನ ಎಣ್ಣೆ, ನನ್ನೇರಿ. ನಮಗೆ ಕೊಟ್ಟಿಗೆಯ ಬದಿ. ಹೊರಗೆ ಕೂತರೂ ಸೊಪ್ಪು ತರುವುದು, ಗೊಬ್ಬರ ಹೊರುವುದು ತಪ್ಪಿದ್ದಲ್ಲ ಮಾಷ್ಟ್ರೇ’ ಎಂದರು. ತಮಾಷೆಗೆಂಬಂತೆ ಹೇಳಿದರು, ಎಲ್ಲರೂ ನಕ್ಕರು, ಆಕೆಯೂ ನಕ್ಕರು. ಆ ಮಾತನ್ನು ಅವರ ಮೊಮ್ಮಗಳು ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ. ನಿಯಮವನ್ನು ಭೂಮಿಯ ಮಟ್ಟಿಗೆ ಇಷ್ಟು ಕೋಮಲವಾಗಿ ಕಟ್ಟಿದವರು ಮನೆಯ ಹೆಂಗಸಿನ ಮಟ್ಟಿಗೆ ಅಷ್ಟು ಬಿರುಸಾಗಿ ಕಟ್ಟಿದುದು ಹೇಗೆಂದು ನಾವೂ ಯೋಚಿಸುತ್ತಿದ್ದೇವೆ.

ಕೆಡ್ಡಸದ ಪುಟದಲ್ಲಿ ಇನ್ನೊಂದು ಸಂಗತಿಯನ್ನು ಬಿಡುವ ಹಾಗಿಲ್ಲ. ಗ್ರಾಮದ ಮೂಡಣ ಗುಡ್ಡಗಳ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆಯೇ ಮೊದಲಾದ ಕಡೆಗಳಲ್ಲಿ ಮಕ್ಕಳು ಯಾವ ಯಾವ ಊನಗಳೊಡನೆ ಹುಟ್ಟಿದರೆಂಬುದನ್ನು ಈ ಜಿಲ್ಲೆಯ ಓದುಗರಿಗೆ ವಿವರಿಸುವುದು ನಮ್ಮಿಂದಾಗದು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ನಿಷೇಧಿಸಿತು. ಗೇರು ಹೂಬಿಡುವುದು ಪುಯಿಂತೆಲ್ ತಿಂಗಳ ಆಸುಪಾಸಿನಲ್ಲಿಯೇ. ತೋಟದಾಚೆಯ ಮನೆಗಳ ಹೆಂಗಸರು ನೆಲಕ್ಕೆ ಗುದ್ದಲಿ ತಾಗಬಾರದೆಂದು ಕಾದ ದಿನಗಳೂ ಅದೇ ಕಾಲದವು. ಒಬ್ಬ ಹುಡುಗಿ ತನ್ನ ಪುಟದಲ್ಲಿ, ಆ ವರ್ಷಗಳಲ್ಲಿ ಕೆಡ್ಡಸಕ್ಕೆ ಬಾವಿಯನ್ನು ಮಡಲಿನಿಂದ ಮುಚ್ಚಿಡುತ್ತಿದ್ದೆವೆಂದು ದೊಡ್ಡಮ್ಮ ಹೇಳಿದರು ಎಂದು ಬರೆದಿದ್ದಾಳೆ. ಮುಚ್ಚಿದುದು ಕೆಡ್ಡಸದ ಕ್ರಮವಲ್ಲ. ಆದರೂ ಆಕೆ ಅದನ್ನು ಕ್ರಮಗಳ ಪಟ್ಟಿಯಲ್ಲಿಯೇ, ನನ್ನೇರಿಗೂ ಎಣ್ಣೆಗೂ ನಡುವೆ ಸೇರಿಸಿದ್ದಾಳೆ.

ಶಾಲೆಯಲ್ಲಿ ಕಡೆ ಕೆಡ್ಡಸವನ್ನು ಮಾಡಹೊರಟಾಗ ಎಣ್ಣೆಯೆರೆಯಲು ನೆಲ ಸಿಕ್ಕಲಿಲ್ಲ. ಅಂಗಳಕ್ಕೆಲ್ಲ ಸಿಮೆಂಟಿನ ಇಟ್ಟಿಗೆ ಹಾಸಿ ಮೂರು ವರ್ಷವಾಗಿದೆ. ಮಳೆಗಾಲದಲ್ಲಿ ಮಕ್ಕಳು ಜಾರಿ ಬೀಳುತ್ತಿದ್ದರೆಂದು ನಾವೇ ರಕ್ಷಕರ ಸಂಘಕ್ಕೆ ಬರೆದು ಹಾಕಿಸಿದುದು; ಆ ಅನುಕೂಲವನ್ನು ಈಗ ಅಲ್ಲಗಳೆಯಲಾರೆವು. ಕೊನೆಗೆ ನೀರಿನ ಟ್ಯಾಂಕಿಯ ಹಿಂದೆ, ನೆಲ್ಲಿಮರದ ಬುಡದಲ್ಲಿ, ಎರಡು ಮೊಳದಷ್ಟು ಮಣ್ಣು ಕಂಡಿತು. ಅಲ್ಲಿಯೇ ಸಾರಿಸಿ ಎಲೆ ಹಾಕಿದರು. ಬ್ಯಾರಿ ಮನೆಯ ಹುಡುಗಿಯೊಬ್ಬಳು ತಮ್ಮ ಮನೆಯ ಗಾಣದ ತೆಂಗಿನೆಣ್ಣೆಯನ್ನು ತಂದಿದ್ದಳು.

ಮಾಯಿ, ಸುಗ್ಗಿ ತಿಂಗಳುಗಳ ನಾಲ್ಕು ಪುಟಗಳು ಹೆಚ್ಚು ಕಡಿಮೆ ಖಾಲಿಯಾಗಿ ಉಳಿದಿವೆ. ಹತ್ತನೆಯ ತರಗತಿಯವರಿಗೆ ಪರೀಕ್ಷೆ. ಉಪಾಧ್ಯಾಯರಿಗೆ ಪರೀಕ್ಷೆಯ ಮೇಲ್ವಿಚಾರಣೆ. ಮೀನ ಮಾಸದ ಪೂರದಂದು ಹೂವಿನಿಂದ ಕಾಮನನ್ನು ಮಾಡುವ ಕ್ರಮವನ್ನು ಮಲೆಯಾಳಿ ಮನೆಯ ಇಬ್ಬರು ಹುಡುಗಿಯರು ಚೊಕ್ಕವಾಗಿ ಬರೆದುಕೊಟ್ಟರು. ಮಾಯಿಯ ಹುಣ್ಣಿಮೆಗೆ ಪುರುಷರ ವೇಷ ಕಟ್ಟಿ ಮನೆಮನೆಗೆ ಹೋಗುವುದನ್ನು ಕಂಡವರು ನಮ್ಮ ಊರಿನಲ್ಲಿ ಸಿಕ್ಕಲಿಲ್ಲ. ಸುಗ್ಗಿ ಎಂಬುದು ತಿಂಗಳ ಹೆಸರೂ ಹೌದು, ಏಣೆಲಿನ ಅನಂತರ ಬರುವ ಎರಡನೆಯ ಬೆಳೆಯ ಹೆಸರೂ ಹೌದು; ನೀರಿನ ಅನುಕೂಲವಿದ್ದಲ್ಲಿ ಕೊಳಕೆ ಎಂಬ ಮೂರನೆಯದನ್ನೂ ಬೆಳೆಯುತ್ತಿದ್ದರು. ನಮ್ಮ ಗ್ರಾಮದಲ್ಲಿ ಈಗ ಸುಗ್ಗಿ ಬೆಳೆಯುವವರಿಲ್ಲ. ಆ ಬೆಳೆಯ ಕೊಯ್ಲಿಗೆ ಏನು ಹೇಳುತ್ತಿದ್ದರು, ಕಳದಲ್ಲಿ ಮೊದಲ ಸೂಡಿಯನ್ನು ಯಾರು ಬಡಿಯುತ್ತಿದ್ದರು, ಬತ್ತ ಅಳೆಯುವಾಗ ಒಂದೆಂಬುದಕ್ಕೆ ಯಾವ ಶಬ್ದವನ್ನಾಡುತ್ತಿದ್ದರು ಎಂಬ ಮೂರು ಪ್ರಶ್ನೆಗಳ ಕೆಳಗೆ ಗೆರೆ ಮಾತ್ರ ಎಳೆದಿದೆ. ಸುಗ್ಗಿಯ ಗದ್ದೆ ಇನ್ನೂ ಉಳಿದಿರುವ ಗ್ರಾಮಗಳ ಶಾಲೆಯವರು ಈ ಪತ್ರಿಕೆಯನ್ನು ಓದುವರೆಂದು ಬಲ್ಲೆವು. ಅವರು ತಮ್ಮ ಮಕ್ಕಳಿಂದ ಉತ್ತರ ಬರೆಯಿಸಿ ಒಂದು ಕಾರ್ಡು ಹಾಕಿದರೆ ನಮ್ಮ ಮಕ್ಕಳು ಅದನ್ನು ಆ ಪುಟಗಳಿಗೆ ಅಂಟಿಸಿಕೊಳ್ಳುವರು. ಬಿಸುವಿಗೆ ಮುಂಚೆ ಬಂದರೆ ಒಳ್ಳೆಯದು.